ನಡೆ ತಪ್ಪಿದಾಗ, ನುಡಿ ತೊಡರಿದಾಗ

ನಡೆ ನುಡಿ ಎಂಬುದು ನಮ್ಮ ಭಾಷೆಯ ಒಂದು ಜೋಡಿಮಾತು. ಒಬ್ಬರು ಯೋಗ್ಯರೆಂದು ಹೇಳಬೇಕಾದರೆ ಅವರ ನಡೆನುಡಿ ಚೆನ್ನಾಗಿದೆ ಎನ್ನುತ್ತೇವೆ. ಹೆಣ್ಣು ಕೊಡುವಾಗ, ಸಾಲ ಕೊಡುವಾಗ, ಮನೆ ಬಾಡಿಗೆಗೆ ಕೊಡುವಾಗ ವಿಚಾರಿಸುವುದೂ ಅದನ್ನೇ. ಇಲ್ಲಿ ನಡೆ ಎಂದರೆ ಕಾಲಿನ ನಡಿಗೆಯಲ್ಲ, ನಡತೆ. ನುಡಿ ಎಂದರೆ ನಾಲಗೆಯ ಉಚ್ಚಾರಣೆಯಲ್ಲ, ಮಾತಿನ ಹದ. ಆದರೆ ಬೀದಿಯಲ್ಲಿ ನಿಂತು ನೋಡುವಾಗ ಈ ಭೇದವನ್ನು ನಾವು ಮರೆತುಬಿಡುತ್ತೇವೆ. ಹಾಡಹಗಲಲ್ಲಿ ಒಬ್ಬನು ತೂರಾಡುತ್ತ ಬಂದನೆನ್ನಿ, ಅವನ ಮಾತು ತೊದಲಿತೆನ್ನಿ. ಅವನ ಕಾಲಿನಲ್ಲಿ, ನಾಲಗೆಯಲ್ಲಿ ಕಂಡ ದೋಷವನ್ನು ಆ ಕ್ಷಣವೇ ಅವನ ಶೀಲಕ್ಕೆ ಅಂಟಿಸುತ್ತೇವೆ. "ಬೆಳಗ್ಗೆಯೇ ಹಾಕಿಕೊಂಡು ಬಂದಿದ್ದಾನೆ" ಎಂದು ನಕ್ಕು ಮುಂದೆ ಹೋಗುತ್ತೇವೆ. ಹೀಗೆ ತೀರ್ಪು ಕೊಟ್ಟವರಲ್ಲಿ ನಾನೂ ಒಬ್ಬ. ಆದಕಾರಣವೇ ಈ ಹೊತ್ತು ನಿಮ್ಮ ಮುಂದೆ ಈ ವಿಷಯವನ್ನು ಇಡುತ್ತಿದ್ದೇನೆ.

ಕೆಲವು ವರ್ಷಗಳ ಹಿಂದೆ ನಾನು ಕೆಲಸ ಮಾಡುತ್ತಿದ್ದ ಪ್ರೌಢಶಾಲೆಯಲ್ಲಿ ಒಬ್ಬರು ಡ್ರಾಯಿಂಗ್ ಮೇಷ್ಟರಿದ್ದರು. ಕರಿಹಲಗೆಯ ಮೇಲೆ ಸೀಮೆಸುಣ್ಣ ಊರಿ, ಒಂದೇ ಬೀಸಿಗೆ ವೃತ್ತ ಎಳೆಯುವುದು ಅವರ ವಿಶೇಷ. ಹೊರಟ ಬಿಂದುವಿಗೇ ಗೆರೆ ಬಂದು ಸೇರುತ್ತಿತ್ತು. ಹುಡುಗರು ಚಪ್ಪಾಳೆ ತಟ್ಟುತ್ತಿದ್ದರು. ನಲವತ್ತು ದಾಟಿದ ಮೇಲೆ ಆ ವೃತ್ತದ ಎರಡು ತುದಿಗಳು ಕೂಡದೆ ಹೋದವು. ಮೊದಮೊದಲು ಯಾರೂ ಗಮನಿಸಲಿಲ್ಲ. ಬರಬರುತ್ತ ಅವರು ಕಾಲು ಅಗಲಿಸಿ, ಮೊಗಸಾಲೆಯ ಗೋಡೆಗೆ ಬೆರಳು ತಾಗಿಸಿಕೊಂಡು ನಡೆಯತೊಡಗಿದರು. ಹಾಜರಿ ಕರೆಯುವಾಗ ಮಾತು ತಡವರಿಸಿತು. ಹುಡುಗರು ಹಿಂದಿನಿಂದ ಅಣಕಿಸಿದರು. ಒಂದು ದಿನ ಬಸ್ಸಿನ ಕಂಡಕ್ಟರು ಅವರನ್ನು ನಡುದಾರಿಯಲ್ಲಿ ಇಳಿಸಿಬಿಟ್ಟ. ಕೊನೆಗೆ ಶಾಲೆಯವರು ಅವರಿಂದ ವಿವರಣೆ ಕೇಳಿದರು. ನಾನು ಬಾಯಿ ಬಿಟ್ಟು ಏನೂ ಹೇಳಲಿಲ್ಲ. ಉಪಾಧ್ಯಾಯರ ಕೊಠಡಿಯಲ್ಲಿ ನನ್ನ ಕುರ್ಚಿಯನ್ನು ಅವರಿಂದ ಸ್ವಲ್ಪ ದೂರಕ್ಕೆ ಸರಿಸಿಕೊಂಡೆ. ಅವರು ಅದನ್ನು ನೋಡಿದರು. "ಪಂಡಿತರೇ, ನೀವೂ ನಂಬಿದಿರಾ?" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ.

ಆ ವರ್ಷದ ಶಾಲಾ ವಾರ್ಷಿಕೋತ್ಸವಕ್ಕೆ ಹಳೆಯ ವಿದ್ಯಾರ್ಥಿಯೊಬ್ಬ ಬಂದಿದ್ದ. ಆ ಹೊತ್ತಿಗೆ ವೈದ್ಯನಾಗಿದ್ದ. ಮೇಷ್ಟರು ವೇದಿಕೆಯ ಮೆಟ್ಟಿಲಿಳಿಯುವುದನ್ನು ಅವನು ಕಣ್ಣಿಟ್ಟು ನೋಡಿದ. ಆಮೇಲೆ ಅವರನ್ನು ಒಂದು ಕೊಠಡಿಗೆ ಕರೆದೊಯ್ದು ಕೂರಿಸಿ, ತನ್ನ ಬೆರಳನ್ನೊಮ್ಮೆ, ತಮ್ಮ ಮೂಗನ್ನೊಮ್ಮೆ ಮುಟ್ಟಲು ಹೇಳಿದ. ಹೊರಗೆ ಬಂದು ನನಗೆ ಹೇಳಿದ: "ಮೇಷ್ಟರು ಕುಡಿದಿಲ್ಲ ಸಾರ್. ಅವರ ಕಿರುಮೆದುಳಿಗೆ ಕಾಯಿಲೆ."

ಕಿರುಮೆದುಳು ಎಂದರೆ ಯಾವುದು? ಕತ್ತು ತಲೆಬುರುಡೆಯನ್ನು ಸೇರುವ ಎಡೆಯಿಂದ ತುಸು ಮೇಲೆ ಕೈಯಿಟ್ಟು ನೋಡಿ. ಆ ಮೂಳೆಯ ಒಳಗೆ, ದೊಡ್ಡ ಮೆದುಳಿನ ಅಡಿಯಲ್ಲಿ ಅದು ಅಡಗಿದೆ. ಪಠ್ಯಪುಸ್ತಕಗಳಲ್ಲಿ ಅದಕ್ಕೆ ಅನುಮಸ್ತಿಷ್ಕ ಎಂಬ ಹೆಸರೂ ಉಂಟು. ತೂಕ ಸುಮಾರು 150 ಗ್ರಾಂ, ಇಡೀ ಮೆದುಳಿನ ಹತ್ತರಲ್ಲೊಂದು ಪಾಲು. ಆದರೆ 2009ರಲ್ಲಿ ಪ್ರಕಟವಾದ ಒಂದು ಎಣಿಕೆಯಂತೆ, ಮನುಷ್ಯನ ಮೆದುಳಿನಲ್ಲಿರುವ ಸುಮಾರು 8,600 ಕೋಟಿ ನರಕೋಶಗಳಲ್ಲಿ ಸುಮಾರು 6,900 ಕೋಟಿ ಈ ಪುಟ್ಟ ಅಂಗದಲ್ಲೇ ಇವೆ. ಇಷ್ಟು ದೊಡ್ಡ ಪರಿವಾರವನ್ನು ಇಟ್ಟುಕೊಂಡು ಅದು ಮಾಡುವ ಕೆಲಸವೇನು? ಭಜನೆಯ ಗೋಷ್ಠಿಯನ್ನು ನೆನೆದುಕೊಳ್ಳಿ. ತಾಳ ಹಿಡಿದವನು ಹಾಡುವುದಿಲ್ಲ. ಆದರೆ ಅವನ ತಾಳ ತಪ್ಪಿದರೆ ಎಂಥ ಶಾರೀರವಿದ್ದರೂ ಹಾಡು ಕೆಡುತ್ತದೆ. ಕಿರುಮೆದುಳು ಆ ತಾಳದವನಂತೆ. ಕೈ ಎತ್ತು ಎಂಬ ಅಪ್ಪಣೆ ದೊಡ್ಡ ಮೆದುಳಿನದು, ಎತ್ತುವ ಬಲ ಸ್ನಾಯುವಿನದು. ಎಷ್ಟು ಎತ್ತಬೇಕು, ಯಾವಾಗ ನಿಲ್ಲಿಸಬೇಕು, ಯಾವ ಸ್ನಾಯು ಬಿಗಿಯುವಾಗ ಯಾವುದು ಸಡಿಲಬೇಕು ಎಂಬ ಅಳತೆ ಮಾತ್ರ ಕಿರುಮೆದುಳಿನದು. ಆದ್ದರಿಂದ ಅದು ಕೆಟ್ಟಾಗ ಬಲ ಹೋಗುವುದಿಲ್ಲ, ಬುದ್ಧಿಯೂ ಬಹುಮಟ್ಟಿಗೆ ಹೋಗುವುದಿಲ್ಲ, ಹೋಗುವುದು ಅಳತೆ.

ಇದನ್ನು ತಿಳಿಯಲು ವಿಜ್ಞಾನಿಗಳಿಗೆ ಬಹಳ ಕಾಲ ಹಿಡಿಯಿತು. ಫ್ರಾನ್ಸ್ ದೇಶದ ಫ್ಲೂರಾನ್ಸ್ ಎಂಬಾತ 1824ರಲ್ಲಿ ಪಾರಿವಾಳಗಳ ಮೇಲೆ ನಡೆಸಿದ ಪ್ರಯೋಗಗಳನ್ನು ಪ್ರಕಟಿಸಿದ. ಕಿರುಮೆದುಳು ಕಳೆದುಕೊಂಡ ಹಕ್ಕಿಗೆ ಕಣ್ಣು ಕಾಣುತ್ತಿತ್ತು, ಕಿವಿ ಕೇಳುತ್ತಿತ್ತು, ರೆಕ್ಕೆ ಬಡಿಯುವ ಬಲವಿತ್ತು. ಹಾರಾಟ ಮಾತ್ರ ಕೂಡಿಬರುತ್ತಿರಲಿಲ್ಲ. ಮುಂದೆ ಮೊದಲನೆಯ ಮಹಾಯುದ್ಧದಲ್ಲಿ ತಲೆಯ ಹಿಂಭಾಗಕ್ಕೆ ಗುಂಡೇಟು ತಿಂದ ಸೈನಿಕರನ್ನು ಗಾರ್ಡನ್ ಹೋಮ್ಸ್ ಎಂಬ ವೈದ್ಯರು ಪರೀಕ್ಷಿಸಿ 1917ರಲ್ಲಿ ಬರೆದ ಲೇಖನ ಇಂದಿಗೂ ಈ ವಿಷಯದ ಮೂಲಾಧಾರಗಳಲ್ಲೊಂದು. ಅವರ ರೋಗಿಯೊಬ್ಬನ ಅನುಭವ ಮನಮುಟ್ಟುವಂಥದು: ಅವನ ಎಡಗೈ ತಾನಾಗಿ ಆಡುತ್ತಿತ್ತು, ಬಲಗೈಯ ಒಂದೊಂದು ಚಲನೆಯನ್ನೂ ಅವನು ಯೋಚಿಸಿ ಮಾಡಬೇಕಾಗಿತ್ತು. ನಾವು ನೀವು ನೆನೆಯದೆ ಮಾಡುವುದನ್ನು ಈ ರೋಗಿಗಳು ದಿನವಿಡೀ ನೆನೆನೆನೆದು ಮಾಡಬೇಕು. ಅವರು ಬೇಗ ದಣಿಯುತ್ತಾರೆಂದರೆ ಆಶ್ಚರ್ಯವೇನು?

ಇನ್ನು ಲಕ್ಷಣಗಳಿಗೆ ಬರೋಣ. ಮೊದಲು ನಡೆ. ಹೊಸದಾಗಿ ಎದ್ದು ನಿಂತ ಮಗು ಕಾಲು ಅಗಲಿಸಿ ಹೆಜ್ಜೆಯಿಡುತ್ತದಷ್ಟೆ. ಈ ರೋಗಿಯ ನಿಲುವೂ ಹಾಗೆಯೇ. ಒಂದು ಹೆಜ್ಜೆ ಗಿಡ್ಡ, ಒಂದು ಉದ್ದ, ಒಂದು ಪಕ್ಕಕ್ಕೆ. ನೇರ ನಡೆಯುವಾಗ ಹೇಗೋ ಸಂಭಾಳಿಸಿದರೂ ಥಟ್ಟನೆ ಹಿಂದಿರುಗುವಾಗ ತೂರಾಡುತ್ತಾರೆ. ಮೆಟ್ಟಿಲು ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ. ಒಂಟಿಕಾಲಿನಲ್ಲಿ ನಿಂತು ಷರಾಯಿ ಹಾಕಿಕೊಳ್ಳಲಾರರು. ಮನೆಯೊಳಗೆ ಗೋಡೆ, ಬಾಗಿಲುವಾಡ, ಮೇಜಿನ ಅಂಚು, ಹೀಗೆ ಒಂದರಿಂದ ಒಂದಕ್ಕೆ ಕೈ ದಾಟಿಸುತ್ತ ಓಡಾಡುತ್ತಾರೆ. ಸಂಶಯ ಬಂದರೆ ನೆಲದ ಚಪ್ಪಡಿಗಳ ಸಂದಿನ ಗೆರೆಯ ಮೇಲೆ, ಒಂದು ಪಾದದ ಹಿಮ್ಮಡಿ ಇನ್ನೊಂದರ ಬೆರಳಿಗೆ ತಾಗುವಂತೆ ಹತ್ತು ಹೆಜ್ಜೆ ನಡೆಯಲು ಹೇಳಿ. ಹಿಡಿದುಕೊಳ್ಳಲು ಒಬ್ಬರು ಪಕ್ಕದಲ್ಲೇ ಇರತಕ್ಕದ್ದು. ಎರಡು ಮೂರು ಹೆಜ್ಜೆಗೇ ಗೆರೆ ತಪ್ಪಿದರೆ ವೈದ್ಯರಿಗೆ ತೋರಿಸಲು ಅಷ್ಟು ಸಾಕು. ದೊಡ್ಡ ಮೆದುಳಿನ ಎಡಭಾಗಕ್ಕೆ ಪೆಟ್ಟಾದರೆ ಕೆಡುವುದು ಬಲಗೈ ಬಲಗಾಲು. ಕಿರುಮೆದುಳಿನಲ್ಲಿ ಹಾಗಲ್ಲ, ಎಡಭಾಗ ಕೆಟ್ಟರೆ ಎಡಗೈ ಎಡಗಾಲುಗಳೇ ಕೆಡುತ್ತವೆ.

ಕೈಯ ವಿಷಯವನ್ನು ಒಂದು ಲೋಟ ಕಾಫಿಯಿಂದ ತಿಳಿಯಬಹುದು. ಕೈ ತೊಡೆಯ ಮೇಲಿರುವಾಗ ಶಾಂತ. ಲೋಟ ಹಿಡಿದು ಎತ್ತುವಾಗಲೂ ಪರವಾಗಿಲ್ಲ. ತುಟಿಯ ಹತ್ತಿರ ಬರುಬರುತ್ತ ನಡುಕ ಹೆಚ್ಚಿ ಕಾಫಿ ಚೆಲ್ಲುತ್ತದೆ. ಗುರಿ ಹತ್ತಿರವಾದಷ್ಟೂ ಹೆಚ್ಚುವ ಈ ನಡುಕ ಕಿರುಮೆದುಳಿನ ಗುರುತು. ಪಾರ್ಕಿನ್ಸನ್ ಕಾಯಿಲೆಯ ನಡುಕ ಇದಕ್ಕೆ ತದ್ವಿರುದ್ಧ: ಕೈ ಸುಮ್ಮನಿರುವಾಗ ಹೆಚ್ಚು, ಕೆಲಸಕ್ಕೆ ಹೊರಟಾಗ ಕಡಿಮೆ. ಬರವಣಿಗೆಯಲ್ಲೂ ಇದೇ ಭೇದವನ್ನು ಕಾಣಬಹುದು. ಪಾರ್ಕಿನ್ಸನ್ ರೋಗಿಯ ಅಕ್ಷರ ಸಾಲು ಮುಂದುವರಿದಂತೆ ಸಣ್ಣದಾಗುತ್ತದೆ. ಕಿರುಮೆದುಳಿನ ರೋಗಿಯ ಅಕ್ಷರ ದೊಡ್ಡದಾಗಿ, ಅಂಕುಡೊಂಕಾಗಿ, ಗೆರೆ ಮೀರಿ ಹೋಗುತ್ತದೆ. ಬೀಗದ ಕೈಯನ್ನು ರಂಧ್ರಕ್ಕೆ ತೂರಿಸುವುದು, ಗುಂಡಿ ಹಾಕುವುದು, ಸೂಜಿಗೆ ದಾರ ಪೋಣಿಸುವುದು, ರಂಗೋಲಿಯ ಎಳೆ ಬಿಡುವುದು, ಇವೆಲ್ಲ ಮೊದಲು ಕೆಡುವ ಕೆಲಸಗಳು. ಅಂಗೈಯನ್ನು ತೊಡೆಯ ಮೇಲೆ ಬೇಗಬೇಗ ಮೇಲುಕೆಳಗಾಗಿ ಮಗುಚಲು ಹೇಳಿದರೆ ಲಯ ತಪ್ಪಿ ಗಲಿಬಿಲಿಯಾಗುತ್ತದೆ. ಪಕ್ಕಕ್ಕೆ ನೋಡುವಾಗ ಕಣ್ಣಿನ ಗುಡ್ಡೆಗಳು ನಿಲ್ಲದೆ ಎಳೆದೆಳೆದು ಅಲುಗುವುದೂ ಉಂಟು.

ಇನ್ನು ನುಡಿ. ಇದು ನನ್ನ ಕಸುಬಿಗೆ ಹತ್ತಿರದ ವಿಷಯ. ಮೇಷ್ಟರ ಮಾತನ್ನು ದಿನವೂ ಕೇಳುತ್ತಿದ್ದ ನನಗೆ ಆ ದೋಷದ ಸ್ವರೂಪ ಹೊಳೆಯದೆ ಹೋದದ್ದಕ್ಕೆ ಇಂದಿಗೂ ನಾಚಿಕೆಯಾಗುತ್ತದೆ. ಛಂದಸ್ಸು ಓದಿದವರಿಗೆ ಲಘು ಗುರು ಗೊತ್ತು: ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಓದದವರ ನಾಲಗೆಗೂ ಅದು ಗೊತ್ತು. ಆಕಾಶವಾಣಿ ಎನ್ನುವಾಗ 'ಕಾ' ಮೇಲೆ ನಿಂತು, 'ಶ'ವನ್ನು ಹಗುರಾಗಿ ದಾಟಿ, 'ವಾ' ಮೇಲೆ ಮತ್ತೆ ನಿಲ್ಲುತ್ತೇವೆ. ಕಿರುಮೆದುಳಿನ ರೋಗಿಯ ನಾಲಗೆಗೆ ಈ ಮಾತ್ರಾಜ್ಞಾನ ತಪ್ಪುತ್ತದೆ. ಆ, ಕಾ, ಶ, ವಾ, ಣಿ ಎಂದು ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ, ಲಘು ಗುರುವೆನ್ನದೆ ಒಂದೇ ತೂಕದಲ್ಲಿ ಬೀಳುತ್ತದೆ. ನಡುವೆ ಉಸಿರು ಹೊಂದದೆ ಒಂದಕ್ಷರ ಇದ್ದಕ್ಕಿದ್ದಂತೆ ಸಿಡಿಯುತ್ತದೆ, ಮುಂದಿನದು ಅಡಗುತ್ತದೆ. ಕೇಳುವವರಿಗೆ ಅದು ಸಿಟ್ಟಿನಂತೆ ತೋರುವುದೂ ಉಂಟು. ಪ್ಯಾರಿಸ್ಸಿನ ಸಾಲ್‌ಪೆಟ್ರಿಯೇರ್ ಆಸ್ಪತ್ರೆಯ ಪ್ರಸಿದ್ಧ ವೈದ್ಯ ಶಾರ್ಕೊ 1868ರ ಸುಮಾರಿಗೆ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗದಲ್ಲಿ ಇಂಥ ಮಾತನ್ನು ವರ್ಣಿಸಿದ. ಅದಕ್ಕೆ ಬಂದ ಹೆಸರಿನ ಅರ್ಥ, ಪ್ರಸ್ತಾರ ಹಾಕಿ ಓದಿದಂಥ ಮಾತು ಎಂದು! ಹುಡುಗರಿಗೆ ಗಣವಿಭಾಗ ಕಲಿಸುವಾಗ ನಾವು ಪದ್ಯವನ್ನು ಕಡಿಕಡಿದು ಓದುತ್ತೇವಲ್ಲ, ಅದೇ ರೀತಿ.

ವೈದ್ಯರು ನಾಲಗೆಯನ್ನು ಪರೀಕ್ಷಿಸುವ ಕ್ರಮವೂ ನಮ್ಮ ವರ್ಣಮಾಲೆಗೆ ಚೆನ್ನಾಗಿ ಹೊಂದುತ್ತದೆ. ಪ ತುಟಿಯಲ್ಲಿ ಹುಟ್ಟುವ ಓಷ್ಠ್ಯ, ತ ಹಲ್ಲಿಗೆ ನಾಲಗೆ ತಾಗಿ ಹುಟ್ಟುವ ದಂತ್ಯ, ಕ ಕಂಠ್ಯ. 'ಪತಕ, ಪತಕ, ಪತಕ' ಎಂದು ಬೇಗಬೇಗ ಹೇಳಿಸಿ. ಆರೋಗ್ಯವಂತರ ಬಾಯಲ್ಲಿ ಕುದುರೆಯ ಓಟದಂತೆ ಒಂದೇ ಲಯ ಬರುತ್ತದೆ. ಈ ರೋಗಿಗಳಲ್ಲಿ ವೇಗ ಏರಿಳಿದು, ಅಕ್ಷರಗಳು ಒಂದರ ಮೇಲೊಂದು ಬೀಳುತ್ತವೆ. 'ಆ' ಎಂದು ದೀರ್ಘವಾಗಿ ಎಳೆಸಿದರೆ ಸ್ವರ ಅಲೆಯಲೆಯಾಗಿ ಅಲುಗುತ್ತದೆ. ಒಂದು ಮುಖ್ಯ ವಿಚಾರ: ಇವರ ಪದ ತಪ್ಪುವುದಿಲ್ಲ, ವ್ಯಾಕರಣ ತಪ್ಪುವುದಿಲ್ಲ, ಅರ್ಥ ತಪ್ಪುವುದಿಲ್ಲ. ಮಾತೇ ನೆನಪಿಗೆ ಬಾರದಿದ್ದರೆ, ಲೋಟಕ್ಕೆ ಚಮಚ ಎಂದರೆ, ಅದು ದೊಡ್ಡ ಮೆದುಳಿನ ದೋಷ. ಮೊದಲಕ್ಷರವನ್ನೇ ಮತ್ತೆ ಮತ್ತೆ ನುಡಿಯುವ ಉಗ್ಗು ಸಾಮಾನ್ಯವಾಗಿ ಬಾಲ್ಯದಿಂದಲೇ ಇರುತ್ತದೆ. ಕಿರುಮೆದುಳಿನ ರೋಗಿಯಲ್ಲಿ ಕೆಟ್ಟಿರುವುದು ಉಚ್ಚಾರಣೆ ಮಾತ್ರ. ಒಳಗಿನ ಮನುಷ್ಯ ಮೊದಲಿನಂತೆಯೇ ಇದ್ದಾನೆ.

ಹಾಗಾದರೆ ಇದಕ್ಕೂ ಕುಡಿತಕ್ಕೂ ಇಷ್ಟೊಂದು ಹೋಲಿಕೆ ಏಕೆ? ಮದ್ಯವು ಕಿರುಮೆದುಳನ್ನು ಮಂಕುಗೊಳಿಸುವುದರಿಂದಲೇ ಕುಡಿದವನು ತೂರಾಡುತ್ತಾನೆ. ಅವನದು ಮರುದಿನಕ್ಕೆ ಇಳಿಯುತ್ತದೆ. ರೋಗಿಯದು ಬೆಳಗ್ಗೆ, ಸಂಜೆ, ಹಬ್ಬದ ದಿನ, ಉಪವಾಸದ ದಿನ ಯಾವಾಗಲೂ ಇರುತ್ತದೆ. ಬಹುಕಾಲ ಕುಡಿದವರ ಕಿರುಮೆದುಳು ಶಾಶ್ವತವಾಗಿ ಸವೆಯುವುದೂ ಉಂಟು. ಬಿ1 ಜೀವಸತ್ವದ ಕೊರತೆಯಿಂದ ಅಂಥವರಿಗೆ ನಡೆ ತಪ್ಪಿ, ಕಣ್ಣಿನ ಚಲನೆ ಕೆಟ್ಟು, ಬುದ್ಧಿ ಮಂಕಾದರೆ, ತಡಮಾಡದೆ ಆಸ್ಪತ್ರೆಯಲ್ಲಿ ಚುಚ್ಚುಮದ್ದು ಕೊಡಿಸಬೇಕು. ಆದ್ದರಿಂದ "ಕುಡುಕ ಬಿಡಿ" ಎಂದು ಕೈಬಿಡುವುದು ಕುಡಿದವನ ವಿಷಯದಲ್ಲೂ ಸರಿಯಲ್ಲ.

ಲಕ್ಷಣ ಯಾವುದು ಎಂಬುದಕ್ಕಿಂತ ಅದು ಎಷ್ಟು ಬೇಗ ಬಂತು ಎಂಬುದೇ ಹೆಚ್ಚು ಮುಖ್ಯ. ನಿನ್ನೆ ಚೆನ್ನಾಗಿದ್ದವರು ಇಂದು ಇದ್ದಕ್ಕಿದ್ದಂತೆ ತಲೆ ತಿರುಗಿ, ವಾಂತಿ ಮಾಡಿ, ಆಸರೆಯಿಲ್ಲದೆ ನಿಲ್ಲಲಾರದೆ, ಮಾತು ತೊದಲಿ, ಎದುರಿನದು ಎರಡೆರಡಾಗಿ ಕಂಡರೆ ಅದು ಕಿರುಮೆದುಳಿನಲ್ಲಿ ರಕ್ತನಾಳ ಕಟ್ಟಿಕೊಂಡದ್ದೋ ಒಡೆದದ್ದೋ ಇರಬಹುದು. ನಮ್ಮ ಮನೆಗಳಲ್ಲಿ ಇದಕ್ಕೆ ಪಿತ್ತ ಎಂದು ಹೆಸರಿಟ್ಟು, ನಿಂಬೆಹಣ್ಣಿನ ಪಾನಕ ಕೊಟ್ಟು ಮಲಗಿಸುವುದು ವಾಡಿಕೆ. ಇಲ್ಲಿ ಪಾರ್ಶ್ವವಾಯುವಿನಂತೆ ಮುಖ ಸೊಟ್ಟಗಾಗದಿರಬಹುದು, ಕೈಕಾಲಿನ ಬಲ ಕುಂದದಿರಬಹುದು. ಅದರಿಂದಲೇ ಮೋಸ ಹೋಗುತ್ತೇವೆ. ಕೂತರೂ ನಿಂತರೂ ಒಂದು ಪಕ್ಕಕ್ಕೆ ವಾಲುವವರನ್ನು, ಅದು ಪಿತ್ತವೋ ಅಲ್ಲವೋ ಎಂಬ ಚರ್ಚೆಗೆ ನಿಲ್ಲದೆ, 108ಕ್ಕೆ ಕರೆ ಮಾಡಿ ದೊಡ್ಡ ಆಸ್ಪತ್ರೆಗೆ ಸಾಗಿಸಬೇಕು. ಕಟ್ಟಿಕೊಂಡ ರಕ್ತನಾಳವನ್ನು ಬಿಡಿಸುವ ಔಷಧವನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಾಗುತ್ತದೆ. ಕಿರುಮೆದುಳು ಊದಿಕೊಂಡು ಪಕ್ಕದ ಮೆದುಳುಕಾಂಡವನ್ನು ಒತ್ತಿದರೆ ಉಸಿರಿಗೇ ಸಂಚಕಾರ. ಸಕಾಲದ ಶಸ್ತ್ರಚಿಕಿತ್ಸೆ ಪ್ರಾಣ ಉಳಿಸಬಲ್ಲದು.

ಮಕ್ಕಳ ವಿಷಯದಲ್ಲಿ ತಾಯಂದಿರಿಗೂ ನನ್ನಂಥ ಉಪಾಧ್ಯಾಯರಿಗೂ ಒಂದು ಮಾತು. ಸೀತಾಳೆ ಸಿಡುಬು ಎದ್ದು ಇಳಿದ ಕೆಲದಿನಗಳಲ್ಲಿ ಮಗು ತೂರಾಡಲು ತೊಡಗಿದರೆ ವೈದ್ಯರಿಗೆ ತೋರಿಸಿ; ಇಂಥ ಮಕ್ಕಳಲ್ಲಿ ಬಹುಪಾಲು ಕೆಲವು ವಾರಗಳಲ್ಲಿ ಗುಣವಾಗುತ್ತಾರೆ. ಆದರೆ ಬೆಳಗಿನ ಹೊತ್ತು ತಲೆನೋವು, ವಾಂತಿ, ಅದರೊಡನೆ ನಡಿಗೆಯಲ್ಲಿ ಓಲಾಟ, ಚೆನ್ನಾಗಿದ್ದ ಅಕ್ಷರ ಕೆಡುವುದು, ಇವು ಕೂಡಿ ಬಂದರೆ ಕಿರುಮೆದುಳಿನ ಬಳಿ ಗಂಟು ಬೆಳೆದಿರುವ ಸಂಭವವುಂಟು. ಸ್ಕ್ಯಾನಿಂಗ್ ಮಾಡಿಸದೆ ಬಿಡಬಾರದು. ಅಕ್ಷರ ಕೆಟ್ಟ ಹುಡುಗನಿಗೆ ಶಿಕ್ಷೆ ಕೊಡುವ ಮೊದಲು, ಅವನನ್ನು ಹತ್ತು ಹೆಜ್ಜೆ ನಡೆಸಿ ನೋಡಿ.

ನಿಧಾನವಾಗಿ ಬರುವುದರಲ್ಲೂ ಗುಣವಾಗತಕ್ಕವು ಇವೆ. ಫಿಟ್ಸ್‌ಗೆ ಕೊಡುವ ಫೆನಿಟಾಯಿನ್ ಮಾತ್ರೆ ಮೈಯಲ್ಲಿ ಹೆಚ್ಚಾದರೆ ಇದೇ ತೂರಾಟ, ಇದೇ ತೊದಲು; ವೈದ್ಯರು ಪ್ರಮಾಣ ಸರಿಪಡಿಸಿದರೆ ಇಳಿಯುತ್ತದೆ. ತಾವಾಗಿಯೇ ಮಾತ್ರೆ ನಿಲ್ಲಿಸುವುದು ಮಾತ್ರ ಅಪಾಯ, ಫಿಟ್ಸ್ ಮರುಕಳಿಸೀತು. ಥೈರಾಯ್ಡ್ ಸ್ರಾವದ ಕೊರತೆ, ಇ ಜೀವಸತ್ವದ ಕೊರತೆ ಇವನ್ನೂ ರಕ್ತಪರೀಕ್ಷೆಯಿಂದ ಹಿಡಿಯಬಹುದು. ಬಿ12ರ ಕೊರತೆಯಲ್ಲೂ ನಡೆ ತಪ್ಪುತ್ತದೆ. ಅದು ಕತ್ತಲಲ್ಲಿ, ಮುಖ ತೊಳೆಯಲು ಕಣ್ಣು ಮುಚ್ಚಿದಾಗ ಹೆಚ್ಚು. ಕಿರುಮೆದುಳಿನ ರೋಗಿಗೆ ಕಣ್ಣು ತೆರೆದಿದ್ದರೂ ಓಲಾಟ ತಪ್ಪದು.

ಕೊನೆಯದು ವಂಶದಲ್ಲಿ ಹರಿದು ಬರುವ ಬಗೆ. ಜರ್ಮನಿಯ ಹೈಡಲ್‌ಬರ್ಗಿನ ಫ್ರೀಡ್ರೈಕ್ 1863ರಲ್ಲಿ ವರ್ಣಿಸಿದ ರೋಗ ಸಾಮಾನ್ಯವಾಗಿ ಹರೆಯದಲ್ಲೇ ತೋರುತ್ತದೆ. ತಂದೆತಾಯಿ ಇಬ್ಬರಲ್ಲೂ ದೋಷದ ಬೀಜ ಗುಪ್ತವಾಗಿದ್ದರೆ ಪ್ರತಿಯೊಂದು ಮಗುವಿಗೂ ನಾಲ್ಕರಲ್ಲಿ ಒಂದರಂತೆ ಬರುವ ಸಂಭವ. ಇನ್ನೊಂದು ಗುಂಪಿನಲ್ಲಿ ತಂದೆಗೋ ತಾಯಿಗೋ ಇದ್ದರೆ ಸಾಕು, ಪ್ರತಿಯೊಂದು ಮಗುವಿಗೂ ಸಂಭವ ಎರಡರಲ್ಲಿ ಒಂದು. ಈ ಎರಡನೆಯ ಗುಂಪಿನ ಮೊದಲ ವಂಶವಾಹಿ ಪತ್ತೆಯಾದದ್ದು 1993ರಲ್ಲಿ. ಫ್ರೀಡ್ರೈಕ್ ರೋಗದ್ದು 1996ರಲ್ಲಿ. ಅಲ್ಲಿಂದೀಚೆಗೆ ರಕ್ತದ ಹನಿಯಿಂದಲೇ ಇವನ್ನು ಗುರುತಿಸುವುದು ಸಾಧ್ಯವಾಗಿದೆ.

ನಮ್ಮ ಮೇಷ್ಟರನ್ನು ಪರೀಕ್ಷೆಗೆ ಕರೆದೊಯ್ದಾಗ ನಾನು ಜೊತೆಗಿದ್ದೆ. ವೈದ್ಯರು ಎಲ್ಲ ಮುಗಿಸಿ, "ನಿಮ್ಮ ತಂದೆಯವರು ಹೇಗೆ ನಡೆಯುತ್ತಿದ್ದರು?" ಎಂದು ಕೇಳಿದರು. ಮೇಷ್ಟರು ಬಹಳ ಹೊತ್ತು ಮಾತಾಡಲಿಲ್ಲ. ಅವರ ತಂದೆಯೂ ಕೊನೆಯ ಹತ್ತು ವರ್ಷ ಹೀಗೆಯೇ ತೂರಾಡುತ್ತಿದ್ದರಂತೆ. ಊರವರು ಕುಡುಕನೆಂದರು. ಅವರು ದೇವರ ಮುಂದೆ ಆಣೆಯಿಟ್ಟರೂ ಯಾರೂ ನಂಬಲಿಲ್ಲ; ಮಗನೂ ನಂಬಲಿಲ್ಲ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಮನೆ ಬಿಟ್ಟು ಬಂದವರು ತಂದೆಯ ಕೊನೆಗಾಲದವರೆಗೂ ಅವರೊಡನೆ ಮಾತು ಬಿಟ್ಟಿದ್ದರು. ರಕ್ತಪರೀಕ್ಷೆಯ ವರದಿ ಬಂತು. ಕಾಯಿಲೆ ಎರಡನೆಯ ಗುಂಪಿನದು. ಆಸ್ಪತ್ರೆಯ ಹೊರಗಿನ ಕಲ್ಲುಬೆಂಚಿನ ಮೇಲೆ ಕುಳಿತು ಮೇಷ್ಟರು ನನ್ನ ಕೈ ಹಿಡಿದುಕೊಂಡರು. "ಅಪ್ಪ ಕುಡಿದಿರಲಿಲ್ಲ, ಪಂಡಿತರೇ" ಎಂದರು. ಅಷ್ಟು ಮಾತನ್ನು ಅವರು ಅಕ್ಷರ ಅಕ್ಷರವಾಗಿ ಬಿಡಿಸಿ ನುಡಿದರು. ಲಘು ಗುರು ಒಂದೂ ಹೊಂದಿರಲಿಲ್ಲ. ಅಷ್ಟು ಸ್ಪಷ್ಟವಾದ ಮಾತನ್ನು ನಾನು ಕೇಳಿಯೇ ಇಲ್ಲ.

ವಂಶದ ಈ ರೋಗಗಳನ್ನು ಬೇರುಸಹಿತ ಕೀಳುವ ಔಷಧ ಇನ್ನೂ ಕೈಗೆ ಬಂದಿಲ್ಲ. ಫ್ರೀಡ್ರೈಕ್ ರೋಗದ ಗತಿಯನ್ನು ನಿಧಾನಿಸುವ ಒಂದು ಔಷಧಕ್ಕೆ 2023ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಹಾಗೆಂದು ಕೈಕಟ್ಟಿ ಕೂರಬೇಕಾಗಿಲ್ಲ. ದಿನದಿನದ ಅಂಗಸಾಧನೆಯಿಂದ ನಡೆ ಸುಧಾರಿಸುತ್ತದೆ. ವಾಕ್‌ಚಿಕಿತ್ಸೆಯಿಂದ ನುಡಿ ತಿಳಿಯಾಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ನಮ್ಮ ನಾಡಿನಲ್ಲೇ ಇವೆ. ಮನೆಯಲ್ಲಿ ಬಚ್ಚಲಿನ ಗೋಡೆಗೆ ಹಿಡಿಕೆ ಹಾಕಿಸಿ, ಮೆಟ್ಟಿಲಿಗೆ ಕಂಬಿ ಕೊಡಿಸಿ, ರಾತ್ರಿ ದೀಪ ಉಳಿಸಿ, ಲೋಟವನ್ನು ಅರ್ಧ ತುಂಬಿ ಕೊಡಿ. ಅವರ ಮಾತು ಮುಗಿಯುವ ಮೊದಲೇ ನೀವು ಪೂರ್ತಿ ಮಾಡಬೇಡಿ; ಕಿವುಡರೊಡನೆ ಮಾತಾಡುವಂತೆ ಕೂಗಬೇಡಿ.

ಮೇಷ್ಟರು ನಿವೃತ್ತಿಯವರೆಗೂ ಕುರ್ಚಿಯಲ್ಲಿ ಕುಳಿತು ಪಾಠ ಮಾಡಿದರು. ಅವರ ಅಂಗಿಯ ಜೇಬಿನಲ್ಲಿ ಬಸ್ ಪಾಸಿನ ಜೊತೆಗೆ ಯಾವಾಗಲೂ ವೈದ್ಯರ ಒಂದು ಚೀಟಿ ಇರುತ್ತಿತ್ತು: ಇವರಿಗೆ ಕಿರುಮೆದುಳಿನ ಕಾಯಿಲೆ ಇದೆ, ಇವರು ಮದ್ಯ ಸೇವಿಸಿಲ್ಲ ಎಂದು. ನಿರಪರಾಧಿಯಾದ ಮನುಷ್ಯನೊಬ್ಬನು ತನ್ನ ಶೀಲಕ್ಕೆ ಪ್ರಮಾಣಪತ್ರವನ್ನು ಜೇಬಿನಲ್ಲಿಟ್ಟುಕೊಂಡು ತಿರುಗಬೇಕಾಗಿ ಬಂದುದು ಅವರ ಕಾಲಿನ ದೋಷದಿಂದಲ್ಲ, ನಮ್ಮ ಕಣ್ಣಿನ ದೋಷದಿಂದ. ಕಾಲು ತೂರಾಡಿದರೆ ಅದನ್ನು ಕಾಲಿನ ಮಾತಾಗಿ ಕೇಳೋಣ; ನಡತೆಯ ತೀರ್ಪು ಕೊಡುವ ಮೊದಲು ಒಂದು ಗಳಿಗೆ ತಡೆದು, ಬಿದ್ದೀರಿ ಎಂದು ಕೈ ಕೊಡೋಣ.